ಶೀತದ ಕಾಲಕ್ಕೆ ಮನೆಮದ್ದು: ಯಾವುದನ್ನು ಮಾಡಿಡಬಹುದು, ಯಾವುದು ಆ ಹೊತ್ತಿಗೇ ಆಗಬೇಕು

ಪ್ರಶ್ನೆ: ಚಳಿ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಒಬ್ಬರ ಹಿಂದೊಬ್ಬರು ನೆಗಡಿ, ಕೆಮ್ಮು ಅಂತ ಮಲಗುತ್ತಾರೆ. ಸುಮ್ಮನೆ ಮಾತ್ರೆ ನುಂಗುವುದು ಬೇಡವೆಂದು ಈ ಸಲ ಮನೆಯಲ್ಲೇ ಮದ್ದು ಮಾಡಿಟ್ಟುಕೊಳ್ಳುವ ಯೋಚನೆ ಇದೆ. ಶುಂಠಿರಸಕ್ಕೆ ಜೇನು ಬೆರೆಸಿದ ಸಿರಪ್, ಕಷಾಯದ ಪುಡಿ, ಹಬೆ ತೆಗೆದುಕೊಳ್ಳಲು ನೀಲಗಿರಿ ಎಣ್ಣೆ ಮತ್ತು ಕರ್ಪೂರ. ಸುಲಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಶೆಲ್ಫಿನಲ್ಲಿಟ್ಟು ಆಗಲೇ ಒಂದು ವಾರವಾಯಿತು. ಮನೆಯಲ್ಲಿ 8 ತಿಂಗಳ ಮಗಳು, 5 ವರ್ಷದ ಮಗ ಇದ್ದಾರೆ. ಅತ್ತೆಗೆ ಬಿಪಿ ಇದೆ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಯಾವುದನ್ನು ಹೇಗೆ ಮಾಡಬೇಕು, ಎಷ್ಟು ದಿನ ಇಡಬಹುದು, ಯಾರಿಗೆ ಕೊಡಬಾರದು ಎಂದು ವಿವರವಾಗಿ ತಿಳಿಸುವಿರಾ?

ಉತ್ತರ: ಮೊದಲು ಆ ಬೆಳ್ಳುಳ್ಳಿ ಬಾಟಲಿಯನ್ನು ಮುಚ್ಚಳ ಸಮೇತ ಕಸಕ್ಕೆ ಹಾಕಿ, ಆಮೇಲೆ ಮುಂದೆ ಓದಿ. ಕೆಟ್ಟಿದೆಯೋ ಇಲ್ಲವೋ ಎಂದು ರುಚಿ ನೋಡುವುದೂ ಬೇಡ.

ಕಾರಣ ಹೇಳುತ್ತೇನೆ. ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವಂಥದ್ದು. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಗಾಳಿ ಆಡುವ ಕಡೆ ಅವು ಸುಮ್ಮನೆ ನಿದ್ರಿಸುತ್ತವೆ, ಯಾರಿಗೂ ತೊಂದರೆ ಇಲ್ಲ. ಎಣ್ಣೆಯಲ್ಲಿ ಮುಳುಗಿಸಿದಾಗ ಗಾಳಿ ಸಿಗುವುದಿಲ್ಲ, ಬೆಳ್ಳುಳ್ಳಿಯಲ್ಲಿ ತೇವ ಇದೆ, ಹುಳಿ ಇಲ್ಲ, ಕೋಣೆಯ ಉಷ್ಣತೆ ಇದೆ. ಬೀಜಕ ಮೊಳೆತು ವಿಷ ಮಾಡಲು ಬೇಕಾದದ್ದೆಲ್ಲ ಒದಗಿಬಿಡುತ್ತದೆ. ಆ ವಿಷ ನರಗಳ ಸಂದೇಶವನ್ನೇ ತಡೆದು ಸ್ನಾಯುಗಳನ್ನು ನಿಶ್ಚಲಗೊಳಿಸುತ್ತದೆ, ಉಸಿರಾಟದ ಸ್ನಾಯುಗಳನ್ನೂ ಸೇರಿಸಿ. ಎಣ್ಣೆಯ ವಾಸನೆ, ಬಣ್ಣ, ರುಚಿ ಯಾವುದೂ ಬದಲಾಗದೇ ಇರಬಹುದು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಹೋಟೆಲಿನ ಊಟ ಮಾಡಿದ 36 ಜನ ಹೀಗೆ ಕಾಯಿಲೆ ಬಿದ್ದದ್ದು ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ. ಬೆಳ್ಳುಳ್ಳಿ ಎಣ್ಣೆ ಬೇಕೇ ಬೇಕು ಎಂದಾದರೆ ಆ ಹೊತ್ತಿಗೆ ಬೇಕಾದಷ್ಟೇ ಮಾಡಿ ಮುಗಿಸಿ. ಉಳಿದರೆ ಫ್ರಿಜ್‌ನಲ್ಲಿ ನಾಲ್ಕು ದಿನ, ಅದಕ್ಕಿಂತ ಮುಂದೆ ಬೇಡ.

ಇದೇ ಬ್ಯಾಕ್ಟೀರಿಯಾದ ಕಾರಣಕ್ಕೆ ನಿಮ್ಮ 8 ತಿಂಗಳ ಮಗುವಿಗೆ ಜೇನುತುಪ್ಪ ಕೂಡದು. ಬೆರಳ ತುದಿಯಲ್ಲಿ ನೆಕ್ಕಿಸುವುದೂ ಕೂಡದು. ಜೇನಿನಲ್ಲಿ ಬೀಜಕಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೇರೂರಲಾರವು, ವರ್ಷ ತುಂಬದ ಮಗುವಿನ ಕರುಳಿನಲ್ಲಿ ಬೇರೂರಬಲ್ಲವು. ಕಾಯಿಸಿದ ಜೇನು ಆದೀತೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಮನೆಯ ಒಲೆಯ ಕುದಿತಕ್ಕೆ ಬೀಜಕ ಸಾಯುವುದಿಲ್ಲ.

ಇನ್ನು ಮದ್ದಿನ ವಿಷಯ. ನಾನು ಫಾರ್ಮಸಿ ವಿದ್ಯಾರ್ಥಿಗಳಿಗೆ ಔಷಧ ತಯಾರಿಕೆ ಕಲಿಸುವವಳು. ಹಾಗಾಗಿ ಮನೆಮದ್ದು ಎಂದರೂ ನಾನು ಕೇಳುವುದು ಅವೇ ಮೂರು ಪ್ರಶ್ನೆ: ಎಷ್ಟು ಗಾಢ, ಎಷ್ಟು ಪ್ರಮಾಣ, ಎಷ್ಟು ದಿನ ಕೆಡದೆ ಇರುತ್ತದೆ. ಮನೆಯಲ್ಲಿ ಎಡವಟ್ಟಾಗುವುದು ಬಹುತೇಕ ಒಂದೋ ವಿಪರೀತ ಗಾಢ ಮಾಡಿದಾಗ, ಇಲ್ಲವೇ ಬಹಳ ದಿನ ಇಟ್ಟಾಗ. ಶುಂಠಿಯದೋ ಜೇನಿನದೋ ತಪ್ಪಿರುವುದು ಕಡಿಮೆ.

ಇವುಗಳಿಂದ ಏನನ್ನು ನಿರೀಕ್ಷಿಸಬಹುದು? ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು, ಅವುಗಳಲ್ಲಿ ರೈನೋವೈರಸ್‌ಗಳದ್ದೇ ದೊಡ್ಡ ಪಾಲು. ಅವು ಮೂಗಿನ ಒಳಪದರದ ಜೀವಕೋಶಗಳ ಒಳಗೆ ಕುಳಿತು ವೃದ್ಧಿಯಾಗುತ್ತವೆ. ಗಂಟಲಿನಿಂದ ಹೊಟ್ಟೆಗೆ ಇಳಿಯುವ ಕಷಾಯ ಅವುಗಳ ಹತ್ತಿರವೂ ಸುಳಿಯುವುದಿಲ್ಲ. ನೆಗಡಿಯ ಲಕ್ಷಣಗಳು ಎರಡನೇ ಮೂರನೇ ದಿನ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತಾ ವಾರ-ಹತ್ತು ದಿನದಲ್ಲಿ ಹೋಗುತ್ತವೆ. ಕೆಮ್ಮು ಮಾತ್ರ ಎರಡು-ಮೂರು ವಾರ ಎಳೆಯುವುದುಂಟು. ನಾವು ಸಾಮಾನ್ಯವಾಗಿ ಮದ್ದು ಶುರು ಮಾಡುವುದೇ ಮೂರನೇ ದಿನ, ತಡೆಯಲಾರದೆ. ಹಾಗಾಗಿ ಆ ದಿನ ಏನು ಕುಡಿದರೂ ಅದರ ಹೆಸರಿಗೇ ಕೀರ್ತಿ! ಮನೆಮದ್ದು ನೆಗಡಿಯ ದಿನಗಳನ್ನು ಮೊಟಕು ಮಾಡುತ್ತದೆ ಎಂದು ನಾನು ಹೇಳಲಾರೆ. ಗಂಟಲಿನ ಕೆರೆತ ತಗ್ಗಿಸುವುದು, ಮೂಗು ಬಿಡಿಸುವುದು, ರಾತ್ರಿ ನಿದ್ರೆಗೆ ಅವಕಾಶ ಮಾಡಿಕೊಡುವುದು, ಇಷ್ಟನ್ನು ಅವು ಚೆನ್ನಾಗಿಯೇ ಮಾಡುತ್ತವೆ. ನೆಗಡಿಯಲ್ಲಿ ನಮಗೆ ಬೇಕಿರುವುದೂ ಅದೇ.

ಶುಂಠಿ ಕಷಾಯದಿಂದ ಶುರು ಮಾಡೋಣ. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಹಸಿಶುಂಠಿ, ಸುಮಾರು 10 ಗ್ರಾಂ, ತೊಳೆದು ಜಜ್ಜಿಕೊಳ್ಳಿ. 300 ಮಿಲಿ ನೀರಿಗೆ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ ಸೋಸಿ. ಬೇಕೆಂದರೆ ಮೂರು-ನಾಲ್ಕು ಕಾಳುಮೆಣಸು. ದ್ರವ ತಿಳಿ ಹಳದಿಯಾಗಿ, ಆಚೆ ಬದಿ ಕಾಣುವಷ್ಟು ತೆಳ್ಳಗಿದ್ದರೆ ಸರಿಯಾಗಿದೆ. ನುಂಗುವಾಗ ಗಂಟಲು ಹಿಡಿದು ಕೆಮ್ಮು ಬಂದರೆ ಖಾರ ಹೆಚ್ಚಾಗಿದೆ, ಬಿಸಿನೀರು ಬೆರೆಸಿ. ಕೆಂಪಾಗಿ ಊದಿಕೊಂಡ ಗಂಟಲಿಗೆ ಖಾರ ಸುರಿಯುವುದರಲ್ಲಿ ಯಾವ ಲಾಭವೂ ಇಲ್ಲ, ಹೊಟ್ಟೆ ಉರಿ ಬೇರೆ. ಒಣಶುಂಠಿಯಾದರೆ ಕಾಲು ಟೀ ಚಮಚ ಪುಡಿ ಸಾಕು. ಹಸಿಶುಂಠಿಯಲ್ಲಿರುವ ಜಿಂಜರಾಲ್ ಎಂಬ ಖಾರದ ಅಂಶ ಒಣಗುವಾಗ ಶೊಗಾಲ್ ಆಗಿ ಬದಲಾಗುತ್ತದೆ, ಅದರ ಖಾರ ಇನ್ನೂ ಹೆಚ್ಚು. ಮುಚ್ಚಿಟ್ಟು ಕಾಯಿಸಿದ್ದನ್ನು ಅದೇ ದಿನ ಕುಡಿದು ಮುಗಿಸಿ.

ಎಲೆಗಳ ಲೆಕ್ಕ ಬೇರೆ. ಬೇರು, ತೊಗಟೆ, ಕಾಳುಗಳನ್ನು ಕುದಿಸಿದರೆ ಸಾರ ಬಿಡುತ್ತವೆ. ತುಳಸಿ, ಪುದೀನದಂಥ ಎಲೆಗಳ ಗುಣವೆಲ್ಲ ಇರುವುದು ಹಾರಿಹೋಗುವ ತೈಲದಲ್ಲಿ. ಅವನ್ನು ಕಾಲು ಗಂಟೆ ಕುದಿಸಿದರೆ ಅಡುಗೆಮನೆ ಘಮಘಮಿಸುತ್ತದೆ, ಲೋಟದಲ್ಲಿ ಉಳಿಯುವುದು ಕಹಿ ನೀರು. ಕಷಾಯ ಇಳಿಸಿದ ಮೇಲೆ ಎಲೆ ಹಾಕಿ ಐದಾರು ನಿಮಿಷ ಮುಚ್ಚಿಡಿ. ತೆಗೆಯುವಾಗ ಮುಚ್ಚಳದ ಒಳಬದಿ ನೋಡಿ, ಹನಿಗಳು ಕಟ್ಟಿರುತ್ತವೆ. ಆ ತೈಲದ ಒಂದು ಪಾಲು ಅಲ್ಲೇ ಇದೆ. ಮುಚ್ಚಳ ಓರೆ ಮಾಡಿ ಹನಿಗಳನ್ನು ಪಾತ್ರೆಗೇ ಇಳಿಸಿಕೊಳ್ಳಿ.

ಬಿಸಿ ಎಂಬುದೇ ಅರ್ಧ ಮದ್ದು. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು ನೆಗಡಿಯಾದವರಿಗೆ ಒಂದೇ ಹಣ್ಣಿನ ಪಾನೀಯವನ್ನು ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ಕೋಣೆಯ ಉಷ್ಣತೆಯಲ್ಲಿ ಕೊಟ್ಟು ನೋಡಿದರು. ಬಿಸಿ ಕುಡಿದವರಿಗೆ ಸುರಿಯುವ ಮೂಗು, ಕೆಮ್ಮು, ಸೀನಿನ ಜೊತೆಗೆ ಗಂಟಲುನೋವು, ಚಳಿ, ಸುಸ್ತು ಕೂಡ ಹಗುರವೆನಿಸಿತು. ಉಪಕರಣದಲ್ಲಿ ಅಳೆದರೆ ಮೂಗಿನ ಗಾಳಿಯ ಹರಿವಿನಲ್ಲಿ ವ್ಯತ್ಯಾಸವಿರಲಿಲ್ಲ. ಆರಾಮ ಅನ್ನಿಸಿದ್ದು ಮಾತ್ರ ನಿಜ. ಆದ್ದರಿಂದ ಶುಂಠಿ ಇಷ್ಟವಿಲ್ಲದ ನಿಮ್ಮ ಮಗನಿಗೆ ಬರೀ ಬಿಸಿನೀರಿಗೆ ನಿಂಬೆ ಹಿಂಡಿ ಕೊಟ್ಟರೂ ಅವನಿಗೇನೂ ನಷ್ಟವಿಲ್ಲ.

ಜೇನುತುಪ್ಪ. ಮನೆಮದ್ದುಗಳಲ್ಲಿ ಪುರಾವೆ ಸಾಕಷ್ಟು ಗಟ್ಟಿಯಾಗಿರುವುದು ಇದಕ್ಕೆ, ಅದೂ ಮಕ್ಕಳ ರಾತ್ರಿ ಕೆಮ್ಮಿಗೆ. ಒಂದು ವರ್ಷ ದಾಟಿದ ಮಕ್ಕಳಿಗೆ ಅರ್ಧದಿಂದ ಒಂದು ಟೀ ಚಮಚ, ಮಲಗುವ ಅರ್ಧ ಗಂಟೆ ಮೊದಲು. ನಿಮ್ಮ ಮಗನಿಗೆ ಒಂದು ಚಮಚ ಕೊಡಬಹುದು. ನನ್ನ ಸಲಹೆ, ಅದನ್ನು ನೀರಿಗೆ ಕಲಸಬೇಡಿ. ಚಮಚದಿಂದ ಹಾಗೇ ನಿಧಾನವಾಗಿ ನೆಕ್ಕಲಿ. ಗಂಟಲಿನ ಒಳಗೋಡೆಗೆ ಅಂಟಿಕೊಳ್ಳುವ ಆ ಮಂದತನದಿಂದಲೇ ಕೆರೆತ ಇಳಿಯುವುದು, ಲೋಟ ತುಂಬ ನೀರಿನಲ್ಲಿ ಕರಗಿಸಿದರೆ ಸಿಹಿ ಮಾತ್ರ ಉಳಿದೀತು. ಆಮೇಲೆ ಹಲ್ಲುಜ್ಜಿಸುವುದು ಮರೆಯಬೇಡಿ. ಬಿಸಿ ಕಷಾಯಕ್ಕೆ ಹಾಕಿದ ಜೇನು ವಿಷವಾಗುತ್ತದೆ ಎಂಬ ಮಾತಿನ ಬಗ್ಗೆ: ಜೇನನ್ನು ಬಹಳ ಹೊತ್ತು ಕಾಯಿಸಿದರೆ ಎಚ್‌ಎಂಎಫ್ ಎಂಬ ಪದಾರ್ಥ ಹೆಚ್ಚುವುದು ಹೌದು, ಪರಿಮಳವೂ ಕೆಡುತ್ತದೆ. ಕುಡಿಯುವ ಬಿಸಿಯ ಲೋಟಕ್ಕೆ ಒಂದು ಚಮಚ ಹಾಕಿದ್ದರಿಂದ ಯಾರಿಗೂ ಏನೂ ಆಗುವುದಿಲ್ಲ.

ಈಗ ನೀವು ಮಾಡಿಡಬೇಕೆಂದಿರುವ ಶುಂಠಿ-ಜೇನು ಸಿರಪ್. ಜೇನು ವರ್ಷಗಟ್ಟಲೆ ಕೆಡುವುದಿಲ್ಲವಲ್ಲ, ಸಿರಪ್ ಏಕೆ ಕೆಡುತ್ತದೆ ಎಂದು ಅನೇಕರಿಗೆ ಅಚ್ಚರಿ. ಜೇನಿನಲ್ಲಿ ನೀರಿನಂಶ ಶೇ. 18ರ ಆಸುಪಾಸು. ಅಷ್ಟು ಕಡಿಮೆ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಅದಕ್ಕೆ ಸಮಪಾಲು ಶುಂಠಿರಸ ಸುರಿದ ಕೂಡಲೇ ಆ ರಕ್ಷಣೆ ಹೋಯಿತು. ಕೆಲವೇ ದಿನಕ್ಕೆ ಮೇಲೆ ಸಣ್ಣ ಗುಳ್ಳೆ, ಮುಚ್ಚಳ ತಿರುಗಿಸಿದರೆ ಬುಸ್ ಎಂಬ ಸದ್ದು, ಹುಳಿ ವಾಸನೆ. ಆ ಹಂತಕ್ಕೆ ಬಂದದ್ದನ್ನು ಕೊಡಬೇಡಿ. ನಾನಾದರೆ ಎರಡು ದಿನಕ್ಕಾಗುವಷ್ಟು ಮಾಡಿ ಫ್ರಿಜ್‌ನಲ್ಲಿಟ್ಟು, ಒಣ ಚಮಚ ಬಳಸಿ ಮುಗಿಸುತ್ತೇನೆ. ಈರುಳ್ಳಿ ಹೆಚ್ಚಿ ಜೇನು ಸುರಿದು ಬಿಟ್ಟ ರಸಕ್ಕೂ ಇದೇ ಕಟ್ಟಳೆ.

ಇಡಲೇಬೇಕೆಂದರೆ ಸಕ್ಕರೆಯ ಪಾಕವೇ ವಾಸಿ. ಔಷಧ ಕೋಶಗಳಲ್ಲಿ ಸಾದಾ ಸಿರಪ್ ಎಂದರೆ ತೂಕದಲ್ಲಿ ಶೇ. 66.7 ಸಕ್ಕರೆ, ಅಂದರೆ ಒಂದು ಪಾಲು ನೀರಿಗೆ ಎರಡು ಪಾಲು ಸಕ್ಕರೆ. 100 ಗ್ರಾಂ ಸೋಸಿದ ಗಟ್ಟಿ ಶುಂಠಿ ಕಷಾಯಕ್ಕೆ 200 ಗ್ರಾಂ ಸಕ್ಕರೆ ಹಾಕಿ, ಕರಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ, ಕುದಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ. ಸಕ್ಕರೆ ಹೆಚ್ಚಾಯಿತೆಂದು ಅರ್ಧ ಮಾಡಿದರೆ ಸಿರಪ್ ಆಗುವುದಿಲ್ಲ, ಬೂಸ್ಟಿಗೆ ಒಳ್ಳೆಯ ಆಹಾರವಾಗುತ್ತದೆ. ಬಿಸಿ ಇರುವಾಗಲೇ ಮುಚ್ಚಳ ಬಿಗಿದರೂ ಹಾಗೆಯೇ: ಆವಿ ಹನಿಯಾಗಿ ಮೇಲೆ ಬಿದ್ದು ಆ ಪದರವಷ್ಟೇ ತೆಳುವಾಗುತ್ತದೆ, ಬೂಸ್ಟು ಹಿಡಿಯುವುದು ಅಲ್ಲಿಂದಲೇ. ಫ್ರಿಜ್‌ನಲ್ಲಿ ಎರಡು ವಾರ ಇಟ್ಟುಕೊಳ್ಳಿ. ದೊಡ್ಡವರಿಗೆ ಎರಡು ಟೀ ಚಮಚ ಸಿರಪ್ ಬಿಸಿನೀರಿಗೆ ಹಾಕಿ, ಮಗನಿಗೆ ಅದರ ಅರ್ಧ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇದು ಅವರಿಗಲ್ಲ. ಜೇನು ಕೂಡ ಸಕ್ಕರೆಯೇ, ಒಂದು ಟೀ ಚಮಚದಲ್ಲಿ 5-6 ಗ್ರಾಂನಷ್ಟು.

ಕಷಾಯದ ಪುಡಿಯನ್ನು ಧಾರಾಳವಾಗಿ ಮಾಡಿಡಬಹುದು, ತೇವ ಇಲ್ಲದ್ದರಿಂದ. ಒಣಶುಂಠಿ, ಮೆಣಸು, ಜೀರಿಗೆ ಅಥವಾ ಕೊತ್ತಂಬರಿ, ಇಷ್ಟೇ ಸಾಕು. ಕಾಳುಗಳನ್ನು ಬೆಚ್ಚಗಾಗುವಷ್ಟು ಮಾತ್ರ ಹುರಿದು, ಆರಿದ ಮೇಲೆ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಬಿಸಿಯಾದ ಮಿಕ್ಸಿ ಜಾರಿನಲ್ಲಿ ಪರಿಮಳ ಹಾರಿಹೋಗುತ್ತದೆ. ಗಾಳಿಯಾಡದ ಡಬ್ಬಿ, ಬೆಳಕು ಬೀಳದ ಜಾಗ, ಮೂರು ತಿಂಗಳು. ಗಂಟು ಕಟ್ಟಿದರೆ ಎಸೆಯಿರಿ. ಹದಿನೈದು ಇಪ್ಪತ್ತು ಸಾಮಾನು ಸೇರಿಸಿದ ಪುಡಿಗಳ ಬಗ್ಗೆ ನನಗೆ ಒಲವಿಲ್ಲ. ಯಾರಿಗಾದರೂ ಮೈಮೇಲೆ ದದ್ದೆದ್ದರೆ ಯಾವುದರಿಂದ ಎಂದು ಹುಡುಕುವುದೇ ಕಷ್ಟ.

ಎರಡು ಸಾಮಾನುಗಳ ಬಗ್ಗೆ ಎಚ್ಚರ ಹೇಳಲೇಬೇಕು. ಜ್ಯೇಷ್ಠಮಧು ಗಂಟಲಿಗೆ ಹಿತವೇ, ಆದರೆ ಅದರಲ್ಲಿರುವ ಗ್ಲಿಸಿರೈಝಿನ್ ಎಂಬ ಅಂಶ ದೇಹದಲ್ಲಿ ಉಪ್ಪು-ನೀರು ಹಿಡಿದಿಟ್ಟು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ನಿಮ್ಮ ಅತ್ತೆಯವರ ಲೋಟಕ್ಕೆ ಅದು ಬೇಡವೇ ಬೇಡ. ಇನ್ನೊಂದು ದಾಲ್ಚಿನ್ನಿ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ದಪ್ಪ ತೊಗಟೆಯ ಕ್ಯಾಸಿಯಾ ಬಗೆಯಲ್ಲಿ ಕೌಮರಿನ್ ಎಂಬ ಪದಾರ್ಥ ಹೆಚ್ಚಿರುತ್ತದೆ. ಅಡುಗೆಗೆ ಒಂದು ಚೂರು ಸರಿ, ವಾರಗಟ್ಟಲೆ ದಿನವೂ ಚಮಚಗಟ್ಟಲೆ ತಿಂದರೆ ಯಕೃತ್ತಿಗೆ ಹಾನಿಯಾಗಬಹುದು.

ಅರಿಶಿನ ಹಾಕಿದ ಬಿಸಿ ಹಾಲು ಕುಡಿಯಿರಿ, ಇಷ್ಟವಿದ್ದರೆ. ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ, ನೆಗಡಿ ಬೇಗ ಇಳಿಸುತ್ತದೆ ಎನ್ನಲು ಆಧಾರವಿಲ್ಲ.

ಉಪ್ಪುನೀರನ್ನು ಜನ ತೀರಾ ಕಡೆಗಣಿಸುತ್ತಾರೆ, ಬಹುಶಃ ಪರಿಮಳ ಇಲ್ಲವೆಂದು. ಗಂಟಲಿಗೆ ಒಂದು ಲೋಟ, ಸುಮಾರು 240 ಮಿಲಿ, ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು. ದಿನಕ್ಕೆ ಮೂರು-ನಾಲ್ಕು ಸಲ ಮುಕ್ಕಳಿಸಿ ಉಗುಳುವುದು. ಜಪಾನಿನಲ್ಲಿ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 387 ಆರೋಗ್ಯವಂತರನ್ನು ಗುಂಪು ಮಾಡಿ ನೋಡಿದಾಗ, ದಿನವೂ ಬರೀ ನೀರಿನಲ್ಲಿ ಗಂಟಲು ಮುಕ್ಕಳಿಸಿದವರಿಗೆ ನೆಗಡಿ ಕಡಿಮೆ ಬಂತು. ಅಯೋಡಿನ್ ದ್ರಾವಣ ಬಳಸಿದವರಿಗೆ ಅಂಥ ಪ್ರಯೋಜನ ಕಾಣಲಿಲ್ಲ. ನಿಮ್ಮ ಮಗನ ವಯಸ್ಸಿನ ಮಕ್ಕಳು ಮುಕ್ಕಳಿಸುವ ಬದಲು ನುಂಗಿಬಿಡುತ್ತಾರೆ, ಅವನಿಗೆ ಒತ್ತಾಯ ಬೇಡ. ಉಗುಳುವುದಾದ್ದರಿಂದ ಅತ್ತೆಯವರ ಬಿಪಿಗೆ ಇದರಿಂದ ತೊಂದರೆಯಿಲ್ಲ.

ಕಟ್ಟಿದ ಮೂಗಿಗೆ ಉಪ್ಪುನೀರಿನಿಂದ ತೊಳೆಯುವುದು ಹಬೆಗಿಂತ ಮೇಲು. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಮಟ್ಟ ಮಾಡಿದ ಒಂದೂವರೆ ಟೀ ಚಮಚ. ಇದು ನಮ್ಮ ರಕ್ತದ ಉಪ್ಪಿನಂಶಕ್ಕೆ ಹೊಂದುವ ಅಳತೆ. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಮೂಗು ಚುರುಚುರು ಎನ್ನುತ್ತದೆ. ನೀರು ಮಾತ್ರ ನಲ್ಲಿಯದನ್ನು ನೇರ ಬಳಸಲೇಬಾರದು. ಅಮೆರಿಕದ ಲೂಸಿಯಾನದಲ್ಲಿ 2011ರಲ್ಲಿ ಇಬ್ಬರು ಹೀಗೆ ನಲ್ಲಿ ನೀರಿನಿಂದ ಮೂಗು ತೊಳೆದು, ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮಿದುಳು ಸೇರಿ ತೀರಿಕೊಂಡರು. ಅದೇ ನೀರನ್ನು ಕುಡಿದರೆ ಈ ಸೋಂಕು ಬರುವುದಿಲ್ಲ, ಮೂಗಿನ ಮೂಲಕವೇ ಬರುವುದು. ಬಹಳ ಅಪರೂಪ, ಆದರೆ ತಗುಲಿದರೆ ಬದುಕುವವರು ವಿರಳ. ನೀರನ್ನು ಕನಿಷ್ಠ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ಉಗುರುಬೆಚ್ಚಗಿರುವಾಗ ಬಳಸಿ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ, ಬಳಸಿದ ಪಾತ್ರೆಯನ್ನು ತೊಳೆದು ಒಣಗಿಸಿ. ಮುಂದಕ್ಕೆ ಬಾಗಿ, ತಲೆ ಓರೆ ಮಾಡಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನಿಧಾನ ಹೊಯ್ಯುವುದು. ಜೋರಾಗಿ ಹಿಂಡಿದರೆ ಕಿವಿಗೆ ನೋವು. ಸಿಂಬಳ ಹಳದಿ-ಹಸಿರಾಯಿತೆಂದು ಗಾಬರಿ ಬೇಡ. ಅದು ಬಿಳಿ ರಕ್ತಕಣಗಳ ಕಿಣ್ವದ ಬಣ್ಣ, ಅಷ್ಟಕ್ಕೇ ಆಂಟಿಬಯೋಟಿಕ್ ಬೇಕಾಗುವುದಿಲ್ಲ.

8 ತಿಂಗಳ ಮಗುವಿಗೆ ಈ ಮನೆದ್ರಾವಣವೂ ಬೇಡ. ಔಷಧದಂಗಡಿಯ ಸಲೈನ್ ಮೂಗಿನ ಹನಿ ತನ್ನಿ, ಹಾಲು ಕುಡಿಸುವ ಮೊದಲು ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಹಾಕಿ ಸಿಂಬಳ ತೆಗೆಯಿರಿ. ಎದೆಹಾಲು ಪದೇ ಪದೇ ಕೊಡುತ್ತಿರಿ. ಅವಳಿಗೆ ಬೇಕಾದ ಮದ್ದು ಇಷ್ಟೇ.

ಹಬೆಯ ವಿಷಯಕ್ಕೆ ಬಂದರೆ ನನಗೆ ನಿಮ್ಮ ಇಬ್ಬರು ಮಕ್ಕಳ ಚಿಂತೆ. ಬಿಸಿ ಗಾಳಿಯಿಂದ ನೆಗಡಿ ಬೇಗ ವಾಸಿಯಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಒಮ್ಮತದ ಆಧಾರ ಸಿಕ್ಕಿಲ್ಲ. ಕುದಿನೀರಿನ ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡ ಮಕ್ಕಳು ಮಾತ್ರ ಎಲ್ಲ ಕಡೆ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಮಗನಿಗೆ ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಹಾಕಿ, ನೀವೂ ಜೊತೆಗೆ ಹತ್ತು ನಿಮಿಷ ಕುಳಿತರೆ ಸಾಕು. ದೊಡ್ಡವರು ತೆಗೆದುಕೊಳ್ಳುವುದಾದರೆ ಪಾತ್ರೆ ಒಲೆಯ ಮೇಲೂ ಬೇಡ, ಮಡಿಲಲ್ಲೂ ಬೇಡ. ಅಗಲ ತಳದ ಪಾತ್ರೆ, ಗಟ್ಟಿ ಮೇಜು, ಮಕ್ಕಳು ಮಲಗಿದ ಮೇಲೆ.

ಕರ್ಪೂರವನ್ನು ಪಟ್ಟಿಯಿಂದ ತೆಗೆದುಹಾಕಿ. ಸಣ್ಣ ಮಕ್ಕಳು ಬಾಯಿಗೆ ಹಾಕಿಕೊಂಡರೆ ಒಂದು ಚೂರಿನಿಂದಲೇ ಫಿಟ್ಸ್ ಬರಬಹುದು. ಎರಡು ವರ್ಷದೊಳಗಿನ ಮಕ್ಕಳ ಮೂಗಿಗೆ, ಎದೆಗೆ ಕರ್ಪೂರ ಅಥವಾ ಮೆಂಥಾಲ್ ಇರುವ ಮುಲಾಮು ಹಚ್ಚುವುದೂ ಸಲ್ಲ. ನೀಲಗಿರಿ ಎಣ್ಣೆ ಕೂಡ ಕೆಲವೇ ಮಿಲಿ ಹೊಟ್ಟೆಗೆ ಹೋದರೆ ಅಪಾಯ, ಅದನ್ನು ಬೀಗ ಹಾಕಿಡುವ ವಸ್ತು ಎಂದೇ ತಿಳಿಯಿರಿ. ಮೆಂಥಾಲ್ ಮೂಸಿದಾಗ ಮೂಗು ತೆರೆದಂತಾಗುವುದು ತಂಪನ್ನು ಗ್ರಹಿಸುವ ನರತುದಿಗಳನ್ನು ಅದು ಕೆಣಕುವುದರಿಂದ. ಊತ ಇದ್ದಲ್ಲೇ ಇರುತ್ತದೆ.

ವಿಟಮಿನ್ ಸಿ ಬಗ್ಗೆ ನೀವು ಕೇಳಿಲ್ಲ, ಆದರೂ ಈ ಕಾಲದಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2013ರಲ್ಲಿ ಬಂದ ಕೊಕ್ರೇನ್ ವಿಮರ್ಶೆಯ ಪ್ರಕಾರ, ನೆಗಡಿ ಬರುವ ಮೊದಲಿನಿಂದಲೂ ದಿನವೂ ಮಾತ್ರೆ ತಿಂದವರಲ್ಲಿ ನೆಗಡಿಯ ಅವಧಿ ದೊಡ್ಡವರಿಗೆ ಸುಮಾರು ಶೇ. 8, ಮಕ್ಕಳಿಗೆ ಶೇ. 14 ಕಡಿಮೆ. ನೆಗಡಿ ಬಂದ ಮೇಲೆ ಶುರು ಮಾಡಿದವರಿಗೆ ಗಮನಿಸುವಂಥ ಲಾಭವಿಲ್ಲ. ನಿಂಬೆಯನ್ನು ರುಚಿಗೆ ಹಿಂಡಿಕೊಳ್ಳಿ.

ಮಗಳ ಉಸಿರನ್ನು ಎಣಿಸುವುದು ಕಲಿತಿರಿ, ಯಾವ ಕಷಾಯಕ್ಕಿಂತ ಅದು ಉಪಯೋಗಕ್ಕೆ ಬರುತ್ತದೆ. ಮಗು ಅಳದೆ ಶಾಂತವಾಗಿರುವಾಗ ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ನೋಡಿ. 2ರಿಂದ 11 ತಿಂಗಳ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗಿನ ಮಕ್ಕಳಿಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರಾಟ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾಪನ. ಐದು ತುಂಬಿದ ಮಗನ ಉಸಿರು 30 ದಾಟಿದರೂ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆದುಕೊಂಡರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಷ್ಟು ಮಂಕಾದರೆ ರಾತ್ರಿಯಾದರೂ ಹೊರಡಿ. ಇಬ್ಬರಿಗೂ ಅಂಗಡಿಯಲ್ಲಿ ಕೇಳಿ ತಂದ ಕೆಮ್ಮಿನ ಸಿರಪ್ ಕೊಡಬೇಡಿ. ದೊಡ್ಡವರಲ್ಲಿ ಇಳಿದ ಜ್ವರ ಮತ್ತೆ ಏರುವುದು, ಎದೆನೋವು, ಕಫದಲ್ಲಿ ರಕ್ತ, ತೂಕ ಇಳಿಯುವುದು ಕಂಡರೆ ಕಾಯಬಾರದು. ಇವು ಯಾವುದೂ ಇಲ್ಲದ ಕೆಮ್ಮಾದರೂ ಮೂರು ವಾರ ದಾಟಿದರೆ ತೋರಿಸಲೇಬೇಕು.

ಕೊನೆಯದಾಗಿ ನಿಮ್ಮ ಅತ್ತೆಯವರು. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅಡುಗೆಯಲ್ಲಿ ಬೀಳುವಷ್ಟು ಶುಂಠಿ, ಬೆಳ್ಳುಳ್ಳಿ, ಅರಿಶಿನದಿಂದ ಸಾಮಾನ್ಯವಾಗಿ ಸಮಸ್ಯೆ ಇಲ್ಲ. ತೊಂದರೆ ಬರುವುದು ಇದ್ದಕ್ಕಿದ್ದಂತೆ ದಿನಕ್ಕೆ ಮೂರು ಲೋಟ ಗಾಢ ಕಷಾಯ, ಹಸಿ ಬೆಳ್ಳುಳ್ಳಿ, ಅರಿಶಿನದ ಕ್ಯಾಪ್ಸೂಲ್ ಶುರು ಮಾಡಿದಾಗ. ಇವು ಸೇರಿ ರಕ್ತಸ್ರಾವದ ಸಂಭವ ಹೆಚ್ಚಿಸಬಹುದು. ಅವರಿಗೆ ದಿನಕ್ಕೆ ಒಂದು ಲೋಟ ತೆಳು ಶುಂಠಿ ನೀರು, ಉಪ್ಪುನೀರಿನ ಮುಕ್ಕಳಿಕೆ, ರಾತ್ರಿ ಒಂದು ಚಮಚ ಜೇನು ಸಾಕು. ಮೂಗು ಬಿಡಿಸುವ ಮಾತ್ರೆಗಳಲ್ಲಿ ಬಿಪಿ ಏರಿಸುವ ಅಂಶ ಇರುವುದುಂಟು, ವೈದ್ಯರನ್ನು ಕೇಳದೆ ಕೊಡಬೇಡಿ. ಒಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಮಲ ಕಪ್ಪಾಗುವುದು ಕಂಡರೆ ಕಷಾಯ ನಿಲ್ಲಿಸಿ ಅದೇ ದಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆಗೆ ಮುಂದಿನ ಸಲ ಹೋದಾಗ ಈ ವಾರ ಏನೇನು ಕುಡಿದರು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಕೇಳದಿದ್ದರೂ ನೀವೇ ಹೇಳಿ.